ಕಾಯಕ ಕಲಿಸುವುದೂ ದಾಸೋಹವೇ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪಕ್ಕೆ ಬಂದು ಕೂಡಿದ ಶರಣರ ನಾಮಾವಳಿಯನ್ನು ಒಮ್ಮೆ ಮನಸ್ಸಿನಲ್ಲಿಯೇ ಹೇಳಿಕೊಂಡು ನೋಡಿರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ, ಹಡಪದ ಅಪ್ಪಣ್ಣ. ಹೆಸರಿಗಿಂತ ಮೊದಲು ಕಸುಬು ಬಂದು ನಿಂತಿದೆ. ಬಟ್ಟೆ ಮಡಿ ಮಾಡುವವ, ದೋಣಿ ನಡೆಸುವವ, ಬುಟ್ಟಿ ಹೆಣೆಯುವವ, ಹಗ್ಗ ಹೊಸೆಯುವವ, ಇವರೆಲ್ಲ ರಾಜ್ಯದ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಸರಿಸಮನಾಗಿ ಕುಳಿತು ಶಿವಾನುಭವ ಹಂಚಿಕೊಂಡರು. ದುಡಿಮೆಗೆ ಇದಕ್ಕಿಂತ ಹಿರಿದಾದ ಮನ್ನಣೆ ಉಂಟೇ ಎಂದು ಪ್ರತಿ ಬಸವ ಜಯಂತಿಯಂದು ವೇದಿಕೆಯ ಮೇಲಿನಿಂದ ಹೇಳುತ್ತೇವೆ. ನೀವೂ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೀರಿ.

ಆದರೆ ಕಾಯಕ ಮಾಡಬೇಕಾದರೆ ಮೊದಲು ಅದನ್ನು ಕಲಿಯಬೇಕಲ್ಲವೇ? ಕಲಿಸುವವರು ಯಾರು, ಯಾರಿಗೆ ಕಲಿಸುತ್ತಾರೆ ಎಂಬುದನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ನಮ್ಮ ಹಳ್ಳಿಗಳ ಆಯಗಾರ ಪದ್ಧತಿಯಲ್ಲಿ ಕಂಬಾರನ ಮಗ ಕುಲುಮೆಯ ಮುಂದೆ ತಿದಿ ಒತ್ತುತ್ತಲೇ ಕಬ್ಬಿಣದ ಮರ್ಮ ತಿಳಿದ. ಬಡಿಗೇರ ಮನೆಯ ಹುಡುಗ ಉಳಿ ಹಿಡಿದೇ ಬೆಳೆದ. ಸುಗ್ಗಿಯ ಕಣದಲ್ಲಿ ಅವರಿಗೆ ಸಲ್ಲುವ ಆಯ ಸಂದಿತು. ಒಳ್ಳೆಯದೇ. ಆದರೆ ಹೊಲದಲ್ಲಿ ಕೂಲಿ ಮಾಡುವವನ ಮಗನಿಗೆ ಆ ಕುಲುಮೆಯ ಹತ್ತಿರ ಜಾಗವಿರಲಿಲ್ಲ. ಕಂಬಾರನ ಮಗನಿಗೂ ಬೇರೆ ಕಸುಬಿನ ದಾರಿ ಇರಲಿಲ್ಲ. ಹೆಣ್ಣುಮಗಳಿಗಂತೂ ಕೇಳುವುದೇ ಬೇಡ. ಕಾಯಕ ಪೂಜ್ಯವಾಯಿತು, ಕಾಯಕದ ವಿದ್ಯೆ ಮಾತ್ರ ಹುಟ್ಟಿದ ಮನೆಯ ಹೊಸ್ತಿಲೊಳಗೇ ಉಳಿಯಿತು. ಶರಣರು ಬಯಸಿದ್ದು ಇದನ್ನಲ್ಲ.

ಈ ಹೊಸ್ತಿಲನ್ನು ದಾಟಿಸಿದ ಒಂದು ದೊಡ್ಡ ಕಾರ್ಯ ನಮ್ಮ ನಾಡಿನಲ್ಲಿಯೇ, ನಮ್ಮ ಕಣ್ಣೆದುರಿಗೇ ನಡೆದಿದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಕುರುಡನಾಗಿ ಜನಿಸಿದ ಒಂದು ಕೂಸು. ಅವರ ಅಣ್ಣನಿಗೂ ಕಣ್ಣಿಲ್ಲ. ಆ ಕಾಲದ ಬಡ ಮನೆಯಲ್ಲಿ ಕಣ್ಣಿಲ್ಲದ ಎರಡು ಮಕ್ಕಳೆಂದರೆ ಏನು ಗತಿ ಎಂಬುದನ್ನು ಹಿರಿಯರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಡಿಯ ಕಟ್ಟೆಯೇ ಗತಿ, ನೀಡಿದವರ ಕೈಯೇ ಆಸರೆ. 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವನ್ನು ಕಟ್ಟಿದ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಈ ಮಕ್ಕಳ ಕಂಠವನ್ನು ಕೇಳಿದರು. ಕೇಳಿ ಮರುಗಿ, ಹಣ್ಣು ಕೊಟ್ಟು ಕಳುಹಿಸಲಿಲ್ಲ. ಕರೆದುಕೊಂಡು ಬಂದು ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಕಿರಿಯ ಮಗುವೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಕರ್ನಾಟಕ ಸಂಗೀತವನ್ನೂ ಹಿಂದುಸ್ತಾನಿಯನ್ನೂ ಸಾಧಿಸಿದರು. ಅಷ್ಟಕ್ಕೇ ನಿಂತಿದ್ದರೆ ಒಬ್ಬ ದೊಡ್ಡ ಗವಾಯಿಯ ಕಥೆಯಾಗುತ್ತಿತ್ತು. ಅವರು ತಮ್ಮಂಥ ಅಂಧ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು ಊರಿಂದೂರಿಗೆ ತಿರುಗುವ ಸಂಗೀತ ಪಾಠಶಾಲೆಯನ್ನೇ ನಡೆಸಿದರು. ಹೊಟ್ಟೆ ತುಂಬಿಸಲು ನಾಟಕ ಕಂಪನಿ ಕಟ್ಟಿದರು. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು, ಅವರೂ ಎಳೆತನದಲ್ಲಿಯೇ ದೃಷ್ಟಿ ಕಳೆದುಕೊಂಡವರು, 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆ ಭಾರವನ್ನು ಹೊತ್ತರು.

ಬಸವರಾಜ ರಾಜಗುರು ಅವರು ಹುಡುಗನಾಗಿ ಸೇರಿದ್ದು ಪಂಚಾಕ್ಷರಿ ಗವಾಯಿಗಳ ಆ ತಿರುಗಾಟದ ಶಾಲೆಯನ್ನೇ. ವೆಂಕಟೇಶಕುಮಾರ ಅವರು ಹನ್ನೆರಡು ವರ್ಷ ಇದ್ದದ್ದು ಪುಟ್ಟರಾಜರ ಬಳಿ. ಇಂಥ ಹೆಸರುಗಳನ್ನು ಜಗತ್ತು ಬಲ್ಲದು. ಆದರೆ ನಾವು ಹೆಚ್ಚು ನೆನೆಯಬೇಕಾದವರು ಹೆಸರು ಬಾರದವರು. ಶ್ರಾವಣದಲ್ಲಿ ನಿಮ್ಮ ಊರಲ್ಲಿ ಪುರಾಣ ಹಚ್ಚಿದಾಗ ಹಾರ್ಮೋನಿಯಂ ಹಿಡಿದು ಕುಳಿತವರು, ತಬಲಾ ನುಡಿಸಿದವರು, ಶಾಲೆಯಲ್ಲಿ ಸಂಗೀತ ಮಾಸ್ತರಾದವರು, ಕೀರ್ತನಕಾರರಾದವರು, ಇವರಲ್ಲಿ ಎಷ್ಟು ಮಂದಿ ಗದುಗಿನ ಆಶ್ರಮದ ಅನ್ನ ಉಂಡವರೋ ಒಮ್ಮೆ ವಿಚಾರಿಸಿ ನೋಡಿರಿ. ಬೇಡುವ ಕೈ ದುಡಿಯುವ ಕೈಯಾಯಿತು. ಅಲ್ಲಿ ಜಾತಿ ಕೇಳಲಿಲ್ಲ, ಶುಲ್ಕ ಕೇಳಲಿಲ್ಲ. ಮುಖ್ಯವಾಗಿ ವಿದ್ಯೆಯ ಜೊತೆಗೆ ಎರಡು ಹೊತ್ತಿನ ಪ್ರಸಾದವನ್ನೂ ಮಲಗಲು ಜಾಗವನ್ನೂ ಕೊಟ್ಟರು.

ಈ ಕೊನೆಯ ಮಾತನ್ನು ಸ್ವಲ್ಪ ನಿಂತು ವಿಚಾರ ಮಾಡಬೇಕು. ಕೂಲಿಯವನ ಮಗನಿಗೆ ಪುಕ್ಕಟೆ ತರಬೇತಿ ಎನ್ನುವುದು ನಿಜವಾಗಿ ಪುಕ್ಕಟೆಯಲ್ಲ. ಅವನು ತರಗತಿಯಲ್ಲಿ ಕುಳಿತ ಪ್ರತಿ ದಿನವೂ ಮನೆಗೆ ಒಂದು ದಿನದ ಪಗಾರ ತಪ್ಪುತ್ತದೆ. ಉಳ್ಳವರ ಮಗ ಆರು ವರ್ಷ ಬೇಕಾದರೂ ಓದುತ್ತಾನೆ, ಇಲ್ಲದವರ ಮಗನಿಗೆ ಆರು ತಿಂಗಳೂ ಭಾರ. ಅದಕ್ಕೇ ದಾಸೋಹವಿಲ್ಲದ ತರಬೇತಿ ಬಡವನಿಗೆ ಬಾಗಿಲು ತೆರೆದಿಟ್ಟು ಮೆಟ್ಟಿಲು ಕಿತ್ತ ಮನೆಯಂತೆ. ಇದನ್ನು ಅರಿತ ಇನ್ನೊಂದು ಪ್ರಯತ್ನ 1982ರಲ್ಲಿ ಉಜಿರೆಯಲ್ಲಿ ನಡೆಯಿತು. ಧರ್ಮಸ್ಥಳದ ಮಂಜುನಾಥೇಶ್ವರ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಕೂಡಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಊಟ ವಸತಿಯೊಂದಿಗೆ ಉಚಿತ ತರಬೇತಿ, ಮುಗಿದ ಮೇಲೆ ಕಳುಹಿಸಿ ಕೈತೊಳೆದುಕೊಳ್ಳದೆ ಬ್ಯಾಂಕಿನ ಸಾಲ ದೊರಕಿಸುವ, ಬೆನ್ನ ಹಿಂದೆ ನಿಂತು ವಿಚಾರಿಸುವ ಪದ್ಧತಿ. ಇದು ನೆಟ್ಟಗೆ ನಡೆದದ್ದನ್ನು ಕಂಡು ಕೇಂದ್ರ ಸರಕಾರ 2009ರಿಂದ ಜಿಲ್ಲೆಗೊಂದರಂತೆ ಇಂಥ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ತೆರೆಸಿತು. ನಿಮ್ಮ ಜಿಲ್ಲೆಯಲ್ಲಿ ಅದು ಎಲ್ಲಿದೆ ಎಂದು ಕೇಳಿದರೆ ಎಷ್ಟು ಮಂದಿ ಯಜಮಾನರು ಹೇಳಬಲ್ಲಿರಿ? ಬಾರ್ ಅಂಗಡಿ ಎಲ್ಲಿದೆ ಎಂದು ಮಾತ್ರ ಊರ ಹುಡುಗರೆಲ್ಲ ಬಲ್ಲರು.

ಇನ್ನು ಐ.ಟಿ.ಐ. ವಿಷಯ. ಕುಶಲಕರ್ಮಿಗಳ ತರಬೇತಿ ಯೋಜನೆ ನಮ್ಮ ದೇಶದಲ್ಲಿ ಆರಂಭವಾದದ್ದು 1950ರಲ್ಲಿ. ಕಬ್ಬಿಣದ ಕೆಲಸ, ಮರದ ಕೆಲಸ, ವಿದ್ಯುತ್ತಿನ ಕೆಲಸ ಇವನ್ನು ಯಾವ ಮನೆಯಲ್ಲಿ ಹುಟ್ಟಿದವನಾದರೂ ಕಲಿಯಬಹುದು ಎಂದು ಸರಕಾರವೇ ಕುಲುಮೆ ಹೂಡಿ ಕುಳಿತದ್ದು ಸಣ್ಣ ಕ್ರಾಂತಿಯೇನಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು, ಎರಡು ವರ್ಷದ ಕಲಿಕೆ. ವೆಲ್ಡರ್ ಕೆಲಸಕ್ಕೆ ಒಂದೇ ವರ್ಷ, ಎಂಟನೆಯ ತರಗತಿ ಓದಿದ್ದರೂ ಸಾಕು. ನಮ್ಮ ರಾಜ್ಯದಲ್ಲಿ 150 ಸರಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಹೊಸ ಯಂತ್ರಗಳಿಂದ ಸಜ್ಜುಗೊಳಿಸಲಾಗಿದ್ದು, 2022ರ ಜೂನ್‌ನಲ್ಲಿ ಅವುಗಳ ಉದ್ಘಾಟನೆಯೂ ಆಯಿತು.

ಇಷ್ಟಾದರೂ ಹೆಚ್ಚಿನ ಮನೆಗಳಲ್ಲಿ ಐ.ಟಿ.ಐ. ಎಂದರೆ ಮೂಗು ಮುರಿಯುತ್ತಾರೆ. ಓದು ಹತ್ತದವನಿಗೆ ಅದು ಎನ್ನುತ್ತಾರೆ. ಎಣ್ಣೆ ಹತ್ತಿದ ಅಂಗಿಯ ಅಳಿಯ ಬೇಡ ಎನ್ನುವ ಬೀಗರೂ ಇದ್ದಾರೆ. ಕಾಯಕದ ಮಹಿಮೆಯನ್ನು ಕೇಳಿ ತಲೆದೂಗಿದ ತಲೆಯೇ ಇಲ್ಲಿ ಅಡ್ಡಡ್ಡ ಆಡುತ್ತದೆ! ಮಠಮಾನ್ಯಗಳೂ ಈ ದೋಷದಿಂದ ಪೂರ್ಣ ಮುಕ್ತವಲ್ಲ. ಇಂಜಿನಿಯರಿಂಗ್ ಕಾಲೇಜಿನ ಶಂಕುಸ್ಥಾಪನೆಗೆ ಕೂಡುವ ಜನ, ಬರುವ ದೇಣಿಗೆ ಒಂದು ವೆಲ್ಡಿಂಗ್ ಶೆಡ್ಡಿಗೆ ಬರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಹೆಣ್ಣುಮಕ್ಕಳ ಮಾತು ಇನ್ನೂ ಕಷ್ಟದ್ದು. ಅವರನ್ನು ಕಳುಹಿಸಿದರೂ ಹೊಲಿಗೆಗೆ ಮಾತ್ರ. ಹೊಲಿಗೆ ಕೀಳಲ್ಲ, ಆದರೆ ಪ್ರತಿ ಓಣಿಯಲ್ಲಿ ಹತ್ತು ಹೊಲಿಗೆ ಯಂತ್ರಗಳಿರುವಾಗ ಹನ್ನೊಂದನೆಯದಕ್ಕೆ ಗಿರಾಕಿ ಎಲ್ಲಿಂದ ಬರಬೇಕು? ಮೋಟರು ಸುತ್ತುವ, ಫ್ರಿಜ್ ರಿಪೇರಿ ಮಾಡುವ, ಕಂಪ್ಯೂಟರ್ ಮೇಲೆ ನಕ್ಷೆ ಬಿಡಿಸುವ ಕೆಲಸಕ್ಕೆ ಬುದ್ಧಿ ಬೇಕು, ಕೈಯ ಹದ ಬೇಕು. ಅವೆರಡೂ ನಮ್ಮ ಮಗಳಲ್ಲಿ ಇಲ್ಲವೇ? ಮೊದಲು ಬಸ್ಸಿನ ಖರ್ಚಿನ ನೆಪವಾದರೂ ಇತ್ತು. 2023ರ ಜೂನ್‌ನಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಬಂದ ಮೇಲೆ ಆ ನೆಪವೂ ಹೋಯಿತು. ಉಳಿದದ್ದು ನಮ್ಮ ಮನಸ್ಸಿನ ದೂರ. ಸಂಜೆ ಕೊನೆಯ ಬಸ್ಸು ತಪ್ಪಿದರೆ ಹೇಗೆ ಎಂಬ ಅಂಜಿಕೆ ಖರೆಯೇ. ಅದಕ್ಕೆ ಊರ ಹಿರಿಯರು ನಾಲ್ಕು ಮಂದಿ ಕೂಡಿ ಡಿಪೋಕ್ಕೆ ಹೋಗಿ ಬಸ್ಸಿನ ವೇಳೆ ಬದಲಿಸಿಕೊಡಿರೆಂದು ಕೇಳಬೇಕೇ ಹೊರತು ಮಗಳನ್ನು ಮನೆಯಲ್ಲಿ ಕೂಡ್ರಿಸಬಾರದು.

ಸರ್ಟಿಫಿಕೇಟು ಕೈಗೆ ಬಂದ ಮೇಲೆ ಅಪ್ರೆಂಟಿಸ್ ಎಂಬ ಇನ್ನೊಂದು ಮೆಟ್ಟಿಲಿದೆ. ಅದಕ್ಕೆ 1961ರ ಕಾಯ್ದೆ ಇದೆ. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ಕನಿಷ್ಠ ಶಿಷ್ಯವೇತನವನ್ನು ಆಗ ಗೊತ್ತುಪಡಿಸಲಾಯಿತು. ಪರಿಶಿಷ್ಟ ಜಾತಿ ಪಂಗಡದವರಿಗೆ, ಅನಂತರ ಹಿಂದುಳಿದವರಿಗೂ ಈ ಕಾಯ್ದೆಯಲ್ಲಿಯೇ ಸ್ಥಳ ಮೀಸಲು ಇಟ್ಟಿದೆ. ಪುಣ್ಯಾಶ್ರಮದಲ್ಲಿ ಪ್ರಸಾದ ಮಾಡಿದ ಕೆಲಸವನ್ನೇ ಇಲ್ಲಿ ಶಿಷ್ಯವೇತನ ಮಾಡಬೇಕು, ಅಂದರೆ ಕಲಿಯುವಾಗ ಒಲೆ ಆರದಂತೆ ನೋಡಿಕೊಳ್ಳಬೇಕು. ಹೀಗಿದ್ದೂ ಊರ ಪಕ್ಕದ ಕಾರ್ಖಾನೆಯಲ್ಲಿ ಯಾರಿಗೆ ಅವಕಾಶ ಸಿಕ್ಕಿತು ಎಂದು ನೋಡಿದರೆ ಅನೇಕ ಕಡೆ ಸೂಪರ್‌ವೈಸರನ ಅಕ್ಕನ ಮಗ, ಕಾಂಟ್ರಾಕ್ಟರನ ಷಡ್ಡಕನ ತಮ್ಮ. ಇದು ಕಾಯ್ದೆಯ ತಪ್ಪಲ್ಲ. ಕೇಳುವವರಿಲ್ಲದ ಊರಿನ ತಪ್ಪು.

ಕಲ್ಯಾಣ ಕರ್ನಾಟಕದ ಭಕ್ತರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ದೀರ್ಘ ಹೋರಾಟದ ಫಲವಾಗಿ 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 371ಜೆ ಕಲಮು ನೌಕರಿಯ ಮೀಸಲಾತಿಗೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ವೃತ್ತಿ ತರಬೇತಿ ಸಂಸ್ಥೆಗಳಲ್ಲಿನ ಸೀಟುಗಳ ಮಾತನ್ನೂ ಅದು ಸ್ಪಷ್ಟವಾಗಿ ಹೇಳುತ್ತದೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದಲ್ಲಿ ಹುಟ್ಟಿದ ಅಥವಾ ನೆಲೆಸಿದ ಮಕ್ಕಳಿಗೆ ಇದು ಸಲ್ಲುವ ಹಕ್ಕು. ಆದರೆ ಅರ್ಹತಾ ಪ್ರಮಾಣಪತ್ರವಿಲ್ಲದೆ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ಕಡೆಯ ದಿನ ಕಚೇರಿಯ ಮುಂದೆ ಓಡಾಡಿ ಸೀಟು ತಪ್ಪಿಸಿಕೊಳ್ಳುವ ಮಕ್ಕಳನ್ನು ಪ್ರತಿ ವರ್ಷ ಕಾಣುತ್ತೇವೆ.

ಕೆಲಸ ಸಿಕ್ಕಿತು ಎನ್ನೋಣ. ಮುಂದೆ ಏರುವುದು ಹೇಗೆ? ಹೆಲ್ಪರ್ ಆಗಿ ಸೇರಿದವನು ಹದಿನೈದು ವರ್ಷದ ಮೇಲೂ ಹೆಲ್ಪರೇ. ಅವನಿಗೆ ಕೆಲಸ ಬರುವುದಿಲ್ಲವೆಂದಲ್ಲ, ಬರುತ್ತದೆ ಎನ್ನಲು ಕಾಗದವಿಲ್ಲ. ಇಪ್ಪತ್ತು ವರ್ಷ ಗೋಡೆ ಕಟ್ಟಿದ ಗೌಂಡಿಗೆ, ಹೊಲದ ಪಂಪ್‌ಸೆಟ್ ಬಿಚ್ಚಿ ಕೂಡಿಸಿ ಬೆರಳು ಸವೆದವನಿಗೆ ಇಂಥ ಕಾಗದ ದೊರೆಯುವ ದಾರಿಯನ್ನು 2015ರಲ್ಲಿ ಆರಂಭವಾದ ಕೇಂದ್ರದ ಕೌಶಲ ವಿಕಾಸ ಯೋಜನೆ ತೆರೆಯಿತು. ಮೊದಲೇ ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಐ.ಟಿ.ಐ. ಎರಡು ವರ್ಷ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ಅಲ್ಲಿಂದ ಇಂಜಿನಿಯರಿಂಗ್ ಕಾಲೇಜಿಗೂ ದಾರಿ ಇದೆ. ಓದು ಹತ್ತದವನಿಗೆ ಐ.ಟಿ.ಐ. ಎನ್ನುವ ಬೀಗರಿಗೆ ಇದನ್ನು ಯಾರಾದರೂ ತಿಳಿಸಿ ಹೇಳಿರಿ.

ಹೆಂಗಸರಿಗೆ ಬಡ್ತಿಯಲ್ಲಿ, ತರಬೇತಿಯಲ್ಲಿ ಭೇದ ಮಾಡಕೂಡದೆಂದು ಸಮಾನ ವೇತನದ 1976ರ ಕಾಯ್ದೆಗೆ 1987ರಲ್ಲಿಯೇ ತಿದ್ದುಪಡಿ ತಂದಿದ್ದರು. ಆ ಕಾಯ್ದೆಯನ್ನು ಅನಂತರ 2019ರ ವೇತನ ಸಂಹಿತೆಯಲ್ಲಿ ಸೇರಿಸಲಾಯಿತು. ಗವಾಯಿಗಳಂಥ ಅಂಗವಿಕಲರಿಗೆ ಸರಕಾರಿ ನೌಕರಿಯಲ್ಲಿ ಇದ್ದ ಶೇಕಡಾ 3ರ ಮೀಸಲನ್ನು 2016ರ ಕಾಯ್ದೆ ಶೇಕಡಾ 4ಕ್ಕೆ ಏರಿಸಿತು. ಕಾಯ್ದೆಗಳಿಗೆ ನಮ್ಮಲ್ಲಿ ಬರವಿಲ್ಲ. ಬಡ್ತಿಯ ಪಟ್ಟಿ ಸಿದ್ಧವಾಗುವ ಕೋಣೆಯಲ್ಲಿ ಯಾರ ಹೆಸರು ಬಿಟ್ಟುಹೋಯಿತು ಎಂದು ಕೇಳುವ ಧೈರ್ಯಕ್ಕೆ ಬರವಿದೆ. ಆಯ್ದಕ್ಕಿ ಲಕ್ಕಮ್ಮ ಗಂಡ ತಂದ ಹೆಚ್ಚಿನ ಅಕ್ಕಿಯನ್ನು ತಿರುಗಿ ಸುರಿದು ಬರಲು ಹೇಳಿದ ಕಥೆ ನಿಮಗೆಲ್ಲ ಗೊತ್ತಿದೆ. ತನ್ನ ಪಾಲಿಗಿಂತ ಹೆಚ್ಚು ಬೇಡವೆಂದ ಆ ತಾಯಿ ಇನ್ನೊಬ್ಬರ ಪಾಲನ್ನು ತನ್ನ ಅಳಿಯನಿಗೆ ಕೊಡಿಸಲು ಶಿಫಾರಸು ಪತ್ರ ಹಿಡಿದು ಸ್ವಾಮಿಗಳ ಬಳಿ ಬರುತ್ತಿದ್ದಳೇ? ಹಾಗೆ ಬರುವವರು ಇಂದಿಗೂ ಕಡಿಮೆಯಾಗಿಲ್ಲ ಎಂಬುದನ್ನು ಮಠದ ಪಡಸಾಲೆಯಲ್ಲಿ ಕುಳಿತವರೆಲ್ಲ ಬಲ್ಲರು.

ಈ ಸಲ ಹತ್ತನೆಯ ತರಗತಿಯ ಫಲಿತಾಂಶ ಬರುವುದಕ್ಕೆ ಮುಂಚೆಯೇ ಹಿರಿಯರು ಒಂದು ಕೆಲಸ ಮಾಡಿರಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮಾಡಿಸಿಡಿರಿ. 371ಜೆ ಸಲ್ಲುವವರು ಅದರ ಅರ್ಜಿಯನ್ನೂ ಕೊಡಿರಿ. ಆಧಾರ್ ಕಾರ್ಡಿನಲ್ಲಿಯೂ ಅಂಕಪಟ್ಟಿಯಲ್ಲಿಯೂ ಮಗುವಿನ ಹೆಸರಿನ ಅಕ್ಷರ ಒಂದೇ ಆಗಿದೆಯೇ ಎಂದು ಓದು ಬಲ್ಲವರಿಂದ ನೋಡಿಸಿಕೊಳ್ಳಿರಿ. ಹತ್ತಿರದ ಸರಕಾರಿ ಐ.ಟಿ.ಐ.ಗೆ ಒಮ್ಮೆ ಖುದ್ದಾಗಿ ಹೋಗಿ ಯಾವ ಯಾವ ವಿಭಾಗಗಳಿವೆ, ಹಾಸ್ಟೆಲ್ಲು ಎಲ್ಲಿ, ಯಾವ ಕಾರ್ಖಾನೆಗೆ ಅಪ್ರೆಂಟಿಸ್ ಕಳುಹಿಸುತ್ತಾರೆ ಎಂದು ಕೇಳಿಕೊಂಡು ಬನ್ನಿರಿ. ಹೋಗುವಾಗ ಮಗನ ಜೊತೆಗೆ ಮಗಳನ್ನೂ, ನಿಮ್ಮ ಹೊಲದಲ್ಲಿ ದುಡಿಯುವವರ ಮಗುವನ್ನೂ ಕರೆದುಕೊಂಡು ಹೋಗಿರಿ.