ಅರವತ್ತು ದಾಟಿದವರ ಮೊಬೈಲ್ ಪಾಠಕ್ಕೆ ದುಡ್ಡು ಯಾರು ಕೊಡ್ತಾರೆ?

ಹಳ್ಳಿಯ ಮನೆಮನೆಯಲ್ಲೂ ಒಬ್ಬರಿಗಾದರೂ ಕಂಪ್ಯೂಟರ್, ಮೊಬೈಲ್ ಬಳಸೋದು ಕಲಿಸಬೇಕು ಅಂತ ಕೇಂದ್ರ ಸರ್ಕಾರ 2017ರಲ್ಲಿ ಪಿಎಂಜಿದಿಶಾ ಯೋಜನೆ ತಂತು. ಅಂದಾಜು ವೆಚ್ಚ ಸುಮಾರು 2,351 ಕೋಟಿ ರೂಪಾಯಿ. ಆದರೆ ವಯಸ್ಸಿನ ಮಿತಿ ನೋಡಿ: 14ರಿಂದ 60. ಪಿಂಚಣಿ ಶುರುವಾಗೋ ಹೊತ್ತಿಗೆ ಪಾಠ ಬಂದ್!

ಹಣ ಕೊಡ್ತಿದ್ದ ರೀತಿ ಇನ್ನೂ ಸ್ವಾರಸ್ಯ. 20 ಗಂಟೆ ತರಬೇತಿ. ಕಲಿತವರು ಪರೀಕ್ಷೆ ಪಾಸಾದರೆ ಮಾತ್ರ ಕಲಿಸಿದ ಸಂಸ್ಥೆಗೆ ತಲಾ 300 ರೂಪಾಯಿ. ಹಾಗಿದ್ದ ಮೇಲೆ ಬೇಗ ಕಲಿಯೋ ಹುಡುಗರನ್ನೇ ಕೂರಿಸಿಕೊಳ್ಳೋಣ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

ಅಜ್ಜಿಯ ಕಷ್ಟವೇ ಬೇರೆ. ಒಣಗಿದ ಬೆರಳು ತಾಗಿದ್ದು ಫೋನಿಗೆ ಗೊತ್ತೇ ಆಗಲ್ಲ. ಒಟಿಪಿ ಬಂತು, ಕನ್ನಡಕ ಹುಡುಕೋದರೊಳಗೆ ಟೈಮ್ ಮುಗೀತು. ಇವರಿಗೆ ಪರೀಕ್ಷೆ ಬೇಡ. ಪಕ್ಕದಲ್ಲಿ ಕೂತು, ಸಿಡುಕದೆ, ಹತ್ತು ಸಲ ತೋರಿಸೋರು ಬೇಕು. ಖರ್ಚಾಗಬೇಕಾದ್ದು ಅವರ ಸಂಬಳಕ್ಕೆ.

ಆ ಯೋಜನೆ 2024ರ ಮಾರ್ಚ್‌ಗೆ ಮುಗೀತು. ಹಾಗಾದರೆ ಕಲಿಸೋರ ಸಂಬಳಕ್ಕೆ ದುಡ್ಡು ಎಲ್ಲಿಂದ? ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಇದೆ. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಹಿರಿಯ ನಾಗರಿಕರ ಸೌಲಭ್ಯಕ್ಕೂ ಜಾಗ ಇದೆ. ಇನ್ನು ಪಾಠ ನಡೆಸೋಕೆ, ನಿಮ್ಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಕಂಪ್ಯೂಟರ್ ಇದ್ದರೆ, ವಾರಕ್ಕೆ ಎರಡು ದಿನ ಬೆಳಿಗ್ಗೆ ಹಿರಿಯರಿಗೆ ಬಿಟ್ಟುಕೊಡಿ ಅಂತ ಮುಂದಿನ ಗ್ರಾಮಸಭೆಯಲ್ಲೇ ಕೇಳಿ.