ಸವಳು ನೀರು, ನೀಲಿ ಕಾಗದ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಏಪ್ರಿಲ್ ಬಂತೆಂದರೆ ಬೆಳಗಿನ ಒಂಬತ್ತಕ್ಕೇ ಕಬ್ಬಿಣದ ಕಂಬ ಮುಟ್ಟಲಾಗುವುದಿಲ್ಲ. ಕಂಬಗಳ ನಡುವೆ ಹತ್ತು ಹನ್ನೊಂದು ಅಂತಸ್ತಿನ ಜಾಳಿಗೆ, ಸುತ್ತಲೂ ಹಸಿರು ನೆರಳುಪರದೆ. ಟ್ರ್ಯಾಕ್ಟರಿನಿಂದ ಇಳಿದ ಕ್ರೇಟುಗಳನ್ನು ಇಬ್ಬರು ಹೆಣ್ಣುಮಕ್ಕಳು ಟಾಕಿಯಲ್ಲಿ ಅದ್ದಿ, ಎರಡು ಮೂರು ನಿಮಿಷ ಬಿಟ್ಟು, ಎತ್ತಿ ಸೋರಲು ಇಡುತ್ತಾರೆ. ಸೋರಿದ ನೀರು ಕರಿಮಣ್ಣಿನ ಮೇಲೆ ಬಿಳಿ ಗೆರೆ ಬಿಡುತ್ತ ಇಳಿಜಾರಿನತ್ತ ಹರಿಯುತ್ತದೆ. ಪಕ್ಕದ ಶೆಡ್ಡಿನಲ್ಲಿ ಒಣಗಿ ಮುಗಿದ ಮಾಲಿಗೆ ಬಣ್ಣ ಕೂರಲೆಂದು ಗಂಧಕದ ಹೊಗೆ ಹಾಕಿದ್ದಾರೆ. ಗಾಳಿ ತಿರುಗಿದಾಗ ಗಂಟಲು ಹಿಡಿಯುತ್ತದೆ.

ಟಾಕಿಯೊಳಗಿನ ಪಾಕ ಈ ಸೀಮೆಯ ರೈತರಿಗೆ ಬಾಯಿಪಾಠ. 100 ಲೀಟರ್ ನೀರಿಗೆ ಸುಮಾರು ಎರಡೂವರೆ ಕೆ.ಜಿ. ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್, ಅಂದರೆ ಈಥೈಲ್ ಓಲಿಯೇಟ್. ದ್ರಾಕ್ಷಿಯ ಸಿಪ್ಪೆಗೆ ಮೇಣದ ತೆಳು ಹೊದಿಕೆ ಇರುತ್ತದೆ. ಒಳಗಿನ ನೀರನ್ನು ಅದು ಹಿಡಿದಿಡುತ್ತದೆ. ಈ ಕ್ಷಾರದ ಎಣ್ಣೆನೀರು ಮೇಣವನ್ನು ಸಡಿಲಿಸಿ ನೀರಿಗೆ ದಾರಿ ಮಾಡಿಕೊಡುತ್ತದೆ. ಹಾಗಾಗಿ ತಿಂಗಳು ಹಿಡಿಯುವ ಒಣಗುವಿಕೆ ಹನ್ನೆರಡು, ಹದಿನೈದು ದಿನಕ್ಕೆ ಮುಗಿಯುತ್ತದೆ. ನಾಲ್ಕು ಕೆ.ಜಿ. ಹಣ್ಣು ಒಂದು ಕೆ.ಜಿ. ಮಣೂಕವಾಗಿ ಇಳಿಯುತ್ತದೆ. ರಸಾಯನಶಾಸ್ತ್ರದ ಪಠ್ಯಪುಸ್ತಕ ತೆರೆಯದೆಯೇ ಇಷ್ಟು ರಸಾಯನಶಾಸ್ತ್ರ ನಡೆಸುವ ಊರು ರಾಜ್ಯದಲ್ಲಿ ಇನ್ನೆಷ್ಟಿವೆಯೋ!

ಇಂಥ ಶೆಡ್ಡಿಗೆ ಬೆಳಗಿನ ಬಸ್ಸಿನಲ್ಲಿ ಮೂವರು ಬಿ.ಎಸ್ಸಿ. ಹುಡುಗಿಯರು ಬಂದಿದ್ದಾರೆ. ಹೆಗಲಿಗೆ ಕಾಲೇಜಿನ ಚೀಲ, ಚೀಲದೊಳಗೆ ತೊಳೆದು ಚೀಟಿ ಹಚ್ಚಿದ ಪ್ಲಾಸ್ಟಿಕ್ ಬಾಟಲಿಗಳು, ಪಿಎಚ್ ಕಾಗದದ ಸುರುಳಿ, ಬೆರಳುದ್ದದ ಒಂದು ವಾಹಕತೆ ಮೀಟರು. ಹಿರಿಯಳು ಕೊನೆಯ ವರ್ಷದವಳು. ಕಳೆದ ಬೇಸಿಗೆಯ ಎರಡು ತಿಂಗಳು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕಳೆದು ಬಂದವಳು. ಇನ್ನಿಬ್ಬರು ಅವಳಿಗಿಂತ ಒಂದು ವರ್ಷ ಚಿಕ್ಕವರು, ಮುಂದಿನ ಬೇಸಿಗೆಗೆ ಹೊರಡುವ ಆಸೆಯವರು.

“ಏನ್ ನೋಡಾಕ ಬಂದೀರಿ ಯವ್ವಾ?” ಶೆಡ್ಡಿನ ಯಜಮಾನರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದರು.

“ಹಣ್ಣಿನ ಮ್ಯಾಲ ಎಣ್ಣಿ ಉಳದೈತೇನು ಅಂತ ನೋಡ್ತೀವ್ರಿ ಕಾಕಾ.”

“ಈ ಡಿಪ್ಪಿಂಗ್ ಎಣ್ಣಿ ಏನು?”

“ಅಲ್ರಿ. ಹೊಡಿಯೂ ಎಣ್ಣಿ.”

ಹೊಡೆಯುವ ಎಣ್ಣೆ ಎಂದರೆ ಇಲ್ಲಿ ಕೀಟನಾಶಕ. ದ್ರಾಕ್ಷಿ ಪಡ ಅದಿಲ್ಲದೆ ನಿಲ್ಲುವ ಬೆಳೆಯಲ್ಲ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಬಾರಿ ಬಳ್ಳಿ ಸವರಬೇಕು. ಚಿಗುರೊಡೆಯಲು ಒಂದು ಔಷಧ, ಕಾಯಿ ಉದ್ದವಾಗಲು ಜಿಬ್ಬರೆಲಿಕ್ ಆಮ್ಲ, ಬೂಜುರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ. ಮೋಡ ಕವಿದ ವಾರವಂತೂ ಬ್ಲೋವರ್ ಸದ್ದು ನಿಲ್ಲುವುದೇ ಇಲ್ಲ. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಸಿಕ್ಕಿತೆಂದು ಯುರೋಪು ತಕರಾರು ತೆಗೆದದ್ದು ಬೆಳೆಗಾರರಿಗೆ ಇಂದಿಗೂ ನೆನಪಿದೆ. ಶೇಷ ಎಂಬುದನ್ನು ಕಣ್ಣು ಕಾಣದು, ನಾಲಿಗೆ ಹಿಡಿಯದು. ಅದನ್ನು ಅಳೆಯುವ ದೊಡ್ಡ ಯಂತ್ರಗಳು ದೊಡ್ಡ ಪ್ರಯೋಗಾಲಯಗಳಲ್ಲಿವೆ. ಮಾದರಿ ಕಳಿಸಿ, ಶುಲ್ಕ ಕಟ್ಟಿ, ವರದಿಗೆ ಕಾಯಬೇಕು.

ಹಿರಿಯಳ ಚೀಲದಲ್ಲಿದ್ದ ಸಣ್ಣ ಡಬ್ಬಿ ಅದಕ್ಕೆ ಬಡವರ ಉತ್ತರ. ಒಳಗೆ ಬೆರಳಗಲದ ಕಾಗದದ ಪಟ್ಟಿಗಳು. ಒಂದು ತುದಿಯಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಎನ್‌ಜೈಮ್ ಒಣಗಿಸಿದ್ದಾರೆ, ಇನ್ನೊಂದು ತುದಿಯಲ್ಲಿ ಇಂಡಾಕ್ಸಿಲ್ ಅಸಿಟೇಟ್. ಹಣ್ಣು ತೊಳೆದ ನೀರಿನ ಹನಿಯನ್ನು ಎನ್‌ಜೈಮಿಗೆ ಉಣಿಸಿ, ಸ್ವಲ್ಪ ಹೊತ್ತು ಬಿಟ್ಟು, ಪಟ್ಟಿಯನ್ನು ಮಡಚಿ ಒತ್ತಿದರೆ ಎರಡೂ ಕೂಡುತ್ತವೆ. ಎನ್‌ಜೈಮ್ ಜೀವಂತವಾಗಿದ್ದರೆ ನೀಲಿ ಬಣ್ಣ ಮೂಡುತ್ತದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಇದ್ದರೆ ಅದು ಎನ್‌ಜೈಮಿನ ಕೈ ಕಟ್ಟುತ್ತದೆ, ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ಇದೇ ಎನ್‌ಜೈಮ್ ನಮ್ಮ ನರಗಳಲ್ಲೂ ಇದೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ದಿನವಿಡೀ ಎಣ್ಣೆ ಹೊಡೆದ ಕೂಲಿಯಾಳು ಸಂಜೆ ತಲೆ ಸುತ್ತಿ, ಬಾಯಿ ನೀರೂರಿ, ಕಣ್ಣು ಮಂಜಾಗಿ ಕೂರುತ್ತಾನಲ್ಲ, ಅವನ ಮೈಯಲ್ಲಿ ನಡೆಯುವುದೂ ಈ ಕಾಗದದ ಮೇಲೆ ನಡೆಯುವುದೂ ಒಂದೇ ಕ್ರಿಯೆ.

ಬಯೋಸೆನ್ಸರ್ ಎಂದರೆ ಇಷ್ಟೇ: ಜೀವದಿಂದ ತಂದ ಒಂದು ಅಣು ಗುರುತು ಹಿಡಿಯಬೇಕು, ಹಿಡಿದದ್ದನ್ನು ಬಣ್ಣವೋ ವಿದ್ಯುತ್ತೋ ನಮಗೆ ಹೇಳಬೇಕು. 1962ರಲ್ಲಿ ಲೀಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಆಮ್ಲಜನಕ ಅಳೆಯುವ ಎಲೆಕ್ಟ್ರೋಡಿಗೆ ಗ್ಲೂಕೋಸ್ ಆಕ್ಸಿಡೇಸ್ ಹಚ್ಚುವ ವಿಚಾರ ಮುಂದಿಟ್ಟರು. ಇಂದು ಮನೆಮನೆಯಲ್ಲೂ ಸಕ್ಕರೆ ನೋಡಿಕೊಳ್ಳುವ ಗ್ಲೂಕೋಮೀಟರ್ ಅದೇ ವಂಶದ್ದು.

ಪಟ್ಟಿಗೆ ಹನಿ ಹಾಕಿ, ಕಾದು, ಮಡಚಿ ಒತ್ತಿದರು. ಎಲ್ಲರೂ ಬಾಗಿ ನೋಡಿದರು. ಕಾಗದ ಬಿಳಿ.

ಕಾಕಾರ ಮುಖ ಸಣ್ಣದಾಯಿತು. “ಔಷಧ ಹೊಡದು ತಿಂಗಳ ಮ್ಯಾಲಾತಲ್ಲವ್ವಾ!” ಎಂದರು. ಹಿರಿಯಳು ಏನೂ ಅನ್ನದೆ ಇನ್ನೊಂದು ಪಟ್ಟಿ ತೆಗೆದು ಬರೀ ಶುದ್ಧ ನೀರಿನ ಹನಿ ಹಾಕಿದಳು. ಅದೂ ಬಿಳಿ. ಆಗ ಅವಳಿಗೆ ನಗು ಬಂತು. ಹಣ್ಣಿನಲ್ಲಿ ದೋಷವಿದೆಯೋ ಇಲ್ಲವೋ, ಚೀಲದಲ್ಲಿದ್ದ ಎನ್‌ಜೈಮ್ ಅಂತೂ ಬಸ್ಸಿನ ಬಿಸಿಗೇ ಸತ್ತುಹೋಗಿತ್ತು. ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ವಾರಗಟ್ಟಲೆ ನೀಲಿ ಕೊಟ್ಟ ಕಾಗದಕ್ಕೆ ತಿಕೋಟಾದ ಒಂದು ಬೆಳಗು ತಾಳಿಕೊಳ್ಳಲಾಗಲಿಲ್ಲ.

ತಿಕೋಟಾ ಪೇಟೆಯಲ್ಲಿ ಕಬ್ಬಿನ ಹಾಲು ಮಾರುವವನ ಬಳಿ ಐಸ್ ಸಿಕ್ಕಿತು. ಊಟದ ಡಬ್ಬಿ ಖಾಲಿ ಮಾಡಿ ಅದರಲ್ಲಿ ಐಸ್ ತುಂಬಿ, ಕಾಲೇಜಿನ ಫ್ರಿಜ್ಜಿನಿಂದ ಥರ್ಮಾಸಿನಲ್ಲಿ ತಂದಿದ್ದ ಇನ್ನೊಂದು ಕಂತೆ ಪಟ್ಟಿಯನ್ನು ಅದರ ಮೇಲಿಟ್ಟರು. ಈ ಸಲ ಶುದ್ಧ ನೀರಿನ ಪಟ್ಟಿ ನೀಲಿಯಾಯಿತು. ಆದರೆ ಚಿಕ್ಕವಳೊಬ್ಬಳು ಅವಸರಕ್ಕೆ ಟಾಕಿಯ ನೀರಿನದೇ ಹನಿ ಹಾಕಿಬಿಟ್ಟಳು. ಅದು ಎಲ್ಲಕ್ಕಿಂತ ಗಾಢ ನೀಲಿ! ಕಾಕಾ ಖುಷಿಯಾದರು. ಹಿರಿಯಳು ತಲೆಯಾಡಿಸಿದಳು. ಅದ್ದುವ ನೀರಿನ ಪಿಎಚ್ 11ರ ಆಸುಪಾಸು. ಅಷ್ಟು ಕ್ಷಾರದಲ್ಲಿ ಎನ್‌ಜೈಮ್ ಇಲ್ಲದಿದ್ದರೂ ಇಂಡಾಕ್ಸಿಲ್ ಅಸಿಟೇಟ್ ತಾನಾಗಿಯೇ ಒಡೆದು ನೀಲಿಗಟ್ಟುತ್ತದೆ.

ಅಲ್ಲಿಗೆ ಬಿಸಿಲು ಸುಳ್ಳು ಭಯ ಹುಟ್ಟಿಸುತ್ತದೆ, ಅದ್ದಿದ ನೀರು ಸುಳ್ಳು ಧೈರ್ಯ ಕೊಡುತ್ತದೆ. ಮಾದರಿಯನ್ನು ಮೊದಲು ಬಫರಿನಿಂದ ಸಮಸ್ಥಿತಿಗೆ ತರಬೇಕು. ಪ್ರತಿ ಮಾದರಿಗೂ ಮೂರು ಪಟ್ಟಿ ಬೇಕು: ಒಂದು ಮಾದರಿಗೆ, ಒಂದು ಶುದ್ಧ ನೀರಿಗೆ, ಎನ್‌ಜೈಮ್ ಹಚ್ಚದ ಒಂದು. ಇದನ್ನು ‘ಕಂಟ್ರೋಲ್’ ಎಂದು ಪರೀಕ್ಷೆಗೆ ಬರೆದವರು ಬಹಳ. ಅದಿಲ್ಲದಿದ್ದರೆ ಒಬ್ಬ ರೈತನ ಒಂದು ವರ್ಷದ ಮಾಲಿನ ಮೇಲೆ ಎಂಥ ಅಪವಾದ ಬರಬಹುದೆಂದು ಶೆಡ್ಡಿನಲ್ಲಿ ನಿಂತು ನೋಡಿದವರು ಕಡಿಮೆ. ಬಯೋಸೆನ್ಸರಿನ ಪ್ರಬಂಧಗಳಲ್ಲಿ ‘ನೈಜ ಮಾದರಿ’ ಎಂಬ ಮಾತು ಹೇರಳ. ಬಹಳ ಸಲ ಅದು ನಲ್ಲಿಯ ನೀರು, ಅದಕ್ಕೆ ಬರೆದವರೇ ತೂಗಿ ಬೆರೆಸಿದ ಕೀಟನಾಶಕ. ಅದರಲ್ಲಿ ಡಿಪ್ಪಿಂಗ್ ಆಯಿಲ್ ಇರುವುದಿಲ್ಲ, ಮೈಲುತುತ್ತದ ತಾಮ್ರ ಇರುವುದಿಲ್ಲ, ವಿಜಯಪುರದ ಬೋರಿನ ಸವಳಂತೂ ಇರುವುದಿಲ್ಲ. ಮತ್ತೆ, ಎಲ್ಲ ಸರಿಹೋದರೂ ಈ ಕಾಗದ ಯಾವ ವಿಷ, ಎಷ್ಟು ವಿಷ ಎಂದು ಹೇಳುವುದಿಲ್ಲ. ಯುರೋಪು ತಡೆದ ಕ್ಲೋರ್ಮೆಕ್ವಾಟನ್ನು ಹಿಡಿಯಲೆಂದು ಮಾಡಿದ್ದೂ ಅಲ್ಲ.

ಉಳಿದ ಬಾಟಲಿಗಳಿಗೆ ನೀರಿನ ಮಾದರಿ ತುಂಬಿಸಿಕೊಳ್ಳಲು ಬಬಲೇಶ್ವರದ ಕಡೆ ಹೊರಟ ಗಾಡಿಯಲ್ಲಿ ಮಾತು ಬೆಂಗಳೂರಿಗೆ ತಿರುಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗರಾಜದ ಎರಡು ಅಕಾಡೆಮಿಗಳೊಡನೆ ಕೂಡಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ದೇಶದ ಯಾವ ಮೂಲೆಯ ಪದವಿ ವಿದ್ಯಾರ್ಥಿಗೂ ತೆರೆದಿದೆ. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ದುಡಿಯುತ್ತಾರೆ, ಖರ್ಚಿಗೆ ಭತ್ಯೆ ಸಿಗುತ್ತದೆ. 1989ರಲ್ಲಿ ಹುಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದೇ ಬೇರೆ ಬೇಸಿಗೆ ಫೆಲೋಶಿಪ್ ಇದೆ. ಅಮೆರಿಕದಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ 1980ರ ದಶಕದಿಂದಲೂ ಇಂಥದ್ದು ನಡೆದು ಬಂದಿದೆ. ನಮ್ಮ ಕರ್ನಾಟಕದಲ್ಲಿ ನಾಲ್ಕು ವರ್ಷದ ಪದವಿ 2021ರಲ್ಲಿ ಬಂದು, ಕೊನೆಯ ವರ್ಷ ಸಂಶೋಧನೆಗೆಂದು ಆಸೆ ಹುಟ್ಟಿಸಿ, 2024ರಲ್ಲಿ ಮತ್ತೆ ಮೂರಕ್ಕಿಳಿಯಿತು. ಆದ್ದರಿಂದ ವಿಜಯಪುರದ ಬಿ.ಎಸ್ಸಿ. ಹುಡುಗಿಗೆ ಸಂಶೋಧನೆಯ ಮುಖ ಕಾಣಲು ಉಳಿದ ಕಿಂಡಿ ಬೇಸಿಗೆ ಒಂದೇ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಬೆಂಗಳೂರು. ಹತ್ತಿಸುವುದೇ ಕಷ್ಟ.

“ನಮ್ಮಪ್ಪ ಮೊದ್ಲು ‘ಎರಡು ತಿಂಗಳು ಒಬ್ಬಾಕೀನೇನು?’ ಅಂದ. ಆಯಿ ಅಂದ್ಲು, ‘ಹೋಗ್ಲಿ ಬಿಡೋ, ಇಲ್ಲಿ ಇದ್ರೂ ಬಿಸಲಾಗ ಕೊಡಾ ಹೊರೂದ ಐತಿ’ ಅಂತ,” ಹಿರಿಯಳು ನಗುತ್ತ ಹೇಳಿದಳು.

ಬಬಲೇಶ್ವರದ ಸುತ್ತ ನೀರಿನ ಕತೆ ಈಗ ಎರಡು ಬಗೆ. ಮಮದಾಪುರದ ದೊಡ್ಡ ಕೆರೆ ಮುಹಮ್ಮದ್ ಆದಿಲ್ ಶಾಹನ ಕಾಲದ್ದು. ಏತ ನೀರಾವರಿಯ ಕೃಷ್ಣೆ ಬಂದ ಮೇಲೆ ಈ ಭಾಗದ ಕೆರೆಗಳಿಗೆ ಬೇಸಿಗೆಯಲ್ಲೂ ನೀರಿನ ಮುಖ ಕಾಣುವ ಯೋಗ. ಕಾಲುವೆ ನೀರು ಇಂಗಿದ ಕಡೆ ಬೋರಿನ ರುಚಿ ಬದಲಾಗಿದೆ ಎನ್ನುತ್ತಾರೆ ರೈತರು. ಬದಲಾಗಿದ್ದರೆ ಎಷ್ಟು? ನೀರು ಹೆಚ್ಚಾಗಿ ನಿಂತ ಕಡೆ ಉಪ್ಪು ಮೇಲೆದ್ದು ನೆಲ ಸವಳು-ಜವಳಾಗುತ್ತಿದೆಯೇ? ಒಂದೇ ಬೋರನ್ನು ಬೇಸಿಗೆ ಬೇಸಿಗೆಗೆ ಅಳೆದು ಬರೆದಿಟ್ಟರೆ ಸಾಕು, ಐದು ವರ್ಷಕ್ಕೆ ಅದೇ ಒಂದು ಸಂಶೋಧನೆ. ಅದಕ್ಕೆ ಬೇಕಾದದ್ದು ಬಾಟಲಿ, ಮೀಟರು ಮತ್ತು ಮನೆಯಿಂದ ಹತ್ತಿರದ ಬೋರು. ಬೆಂಗಳೂರಿನವರಿಗೆ ಮೊದಲೆರಡು ಸಿಗುತ್ತವೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಾರವಾಡದ ಹತ್ತಿರ ಡೋಣಿ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ ಈ ಜಿಲ್ಲೆಯನ್ನು ಸೀಳಿಕೊಂಡು ಕೃಷ್ಣೆಗೆ ಸೇರುವ ಹೊಳೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಗಾದೆಗೆ ಕಾರಣ ಅದರ ದಂಡೆಯ ಕರಿಮಣ್ಣು. ನೀರು ಮಾತ್ರ ಉಪ್ಪು. ಹೊಳೆಯಲ್ಲಿ ಅಲ್ಲಲ್ಲಿ ನಿಂತ ಮಡುಗಳು, ಜಾಲಿ, ದಂಡೆಯ ಮೇಲೆ ಉಪ್ಪಿನ ಬಿಳಿ ಹೊರಪದರ. ಚಿಕ್ಕವಳು ಚಪ್ಪಲಿ ಬಿಟ್ಟು ಇಳಿದು ಬಾಟಲಿಯನ್ನು ಮೂರು ಸಲ ಅದೇ ನೀರಿನಲ್ಲಿ ಗಲಬರಿಸಿ, ಬಾಯಿ ಕೆಳಗೆ ಮಾಡಿ ಮುಳುಗಿಸಿ, ನೀರೊಳಗೇ ತಿರುಗಿಸಿ ತುಂಬಿಸಿದಳು. ಮೇಲ್ಮೈಯ ಕಸ ಸೇರಬಾರದಲ್ಲ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನೈಟ್ರೇಟಿಗೆ 45. ಫ್ಲೋರೈಡಿಗೆ 1, ಅನಿವಾರ್ಯವಾದರೆ ಒಂದೂವರೆ. ಫ್ಲೋರೈಡ್ ಈ ಜಿಲ್ಲೆಯ ಹಳ್ಳಿಗಳಿಗೆ ಹೊಸ ಹೆಸರಲ್ಲ. ಕಂದುಗಟ್ಟಿದ ಹಲ್ಲುಗಳನ್ನು ಶಾಲೆಯ ಸಾಲಿನಲ್ಲೇ ಕಾಣಬಹುದು.

ನಗರ ಮುಟ್ಟುವಾಗ ಗೋಳಗುಮ್ಮಟದ ನೆತ್ತಿಯ ಮೇಲೆ ಬಿಸಿಲು ಕೆಂಪಾಗಿತ್ತು. ಕೊನೆಯ ಬಾಟಲಿ ತಾಜ್ ಬಾವಡಿಯದು. ಎರಡನೇ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರ ಸುಮಾರಿಗೆ ಕಟ್ಟಿದ್ದು. ಕಮಾನಿನ ದೊಡ್ಡ ಬಾಗಿಲು ದಾಟಿದರೆ ಮೆಟ್ಟಿಲಿಳಿದು ನಿಂತ ಹಸಿರು ನೀರು. ತೊರವಿಯಿಂದ ನೆಲದೊಳಗಿನ ಸುರಂಗ ನಾಲೆಯಲ್ಲಿ ನಗರಕ್ಕೆ ನೀರು ತಂದ ಆದಿಲ್ ಶಾಹಿಗಳಿಗೆ ಸಿಹಿ ನೀರಿನ ಬೆಲೆ ಗೊತ್ತಿತ್ತು. ಹೂಳು, ಮೂರ್ತಿ ವಿಸರ್ಜನೆಯ ಬಣ್ಣ, ಕಸ ತುಂಬಿ ಕೆಟ್ಟ ಬಾವಡಿಯನ್ನು ಈಚಿನ ವರ್ಷಗಳಲ್ಲಿ ತೋಡಿ ಸ್ವಚ್ಛ ಮಾಡಿದ್ದಾರೆ. ನೀರು ಈಗ ಹೇಗಿದೆ ಎಂಬುದಕ್ಕೆ ಹಸಿರು ಬಣ್ಣ ಒಂದು ಸುಳಿವು ಮಾತ್ರ. ಪಾಚಿಗೆ ಉಣ್ಣಲು ನೈಟ್ರೇಟೋ ಫಾಸ್ಫೇಟೋ ಸಿಗುತ್ತಿರಬೇಕು.

ಕಾಲೇಜಿನ ಪ್ರಯೋಗಾಲಯದಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಬಯೋಸೆನ್ಸರಿನ ಸಡಗರ ಮುಗಿದು ಹಳೆಯ ಬ್ಯೂರೆಟ್ಟು ಹೊರಬಂತು. ಕಾಠಿಣ್ಯ ನೋಡಲು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿದ ನೀರು ದ್ರಾಕ್ಷಾರಸದ ಕೆಂಪು, ಇಡಿಟಿಎ ಹನಿಹನಿಯಾಗಿ ಬಿದ್ದಂತೆ ನೇರಳೆ, ಒಂದು ಹನಿಗೆ ಸ್ವಚ್ಛ ನೀಲಿ. ಡೋಣಿಯ ನೀರು ಬ್ಯೂರೆಟ್ಟು ಖಾಲಿಯಾದರೂ ಕೆಂಪು ಬಿಡಲಿಲ್ಲ. ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಶುರುಮಾಡಬೇಕಾಯಿತು.

ಚಿಕ್ಕವಳು ಅಷ್ಟರಲ್ಲಿ ವರ್ಷದ ಕೊನೆಗೆ ತುಂಬಬೇಕಾದ ಫೆಲೋಶಿಪ್ ಅರ್ಜಿಯ ಬರಹವನ್ನು ಈಗಲೇ ಬರೆದು ತೋರಿಸಿದಳು. ಚಿಕ್ಕಂದಿನಿಂದ ವಿಜ್ಞಾನವೆಂದರೆ ಪ್ರೀತಿ, ಸಮಾಜಕ್ಕೆ ಕೊಡುಗೆ ನೀಡುವ ಹಂಬಲ ಎಂದು ಒಂದು ಪುಟ. ಹಿರಿಯಳು ಓದಿ ಪೆನ್ನಿನಿಂದ ಅಡ್ಡಗೆರೆ ಎಳೆದಳು.

“ಇದನ್ನ ಎಲ್ಲಾರೂ ಬರೀತಾರ. ಮುಂಜಾನಿ ಪಟ್ಟಿ ಯಾಕ ಬಿಳಿ ಉಳೀತು, ಅದನ್ನ ಬರಿ.”

“ಅದು ಕೆಟ್ಟಿದ್ದಲ್ಲಕ್ಕಾ?”

“ಕೆಟ್ಟಿದ್ದಕ್ಕ ಬರಿ ಅನ್ನೂದು. ಟ್ರೆಹಲೋಸ್ ಸಕ್ಕರಿ ಕೂಡಿಸಿ ಒಣಗಿಸಿದ್ರ ಎನ್‌ಜೈಮ್ ಬಿಸಿ ತಡೀತೈತಿ ಅಂತಾರ. ಎಷ್ಟು ಡಿಗ್ರಿ, ಎಷ್ಟು ತಾಸು, ಸವಳು ನೀರಾಗ ಹೆಂಗ, ಅದನ್ನ ಕೇಳು. ಅಲ್ಲಿ ಯಾರಿಗೂ ಈ ಪ್ರಶ್ನಿ ಬಂದಿರಂಗಿಲ್ಲ. ಅವರ ಖೋಲಿ ತಣ್ಣಗ ಇರತೈತಿ.”