ಗಾರಾ ಸೀರೆಯ ಹಿಂಬದಿ

ಮುಂಬಯಿಯ ಕೋಟೆ ಪ್ರದೇಶದಲ್ಲಿ, ಹಿಂದೆ ಮೆಡೋಸ್ ಸ್ಟ್ರೀಟ್ ಎನಿಸಿದ್ದು ಈಗ ನಗೀನದಾಸ್ ಮಾಸ್ಟರ್ ಮಾರ್ಗವಾಗಿರುವ ಬೀದಿಯಲ್ಲಿ, 1796ರಲ್ಲಿ ಕಟ್ಟಿಸಿದ ಅರ್ಮೇನಿಯನ್ನರ ಸೇಂಟ್ ಪೀಟರ್ ಇಗರ್ಜಿಯೊಂದುಂಟು. ರೇಷ್ಮೆ ರತ್ನಗಳ ವ್ಯಾಪಾರದಿಂದ ಹೆಸರಾದ ಆ ಜನ ಈ ಪಟ್ಟಣದಿಂದ ಬಹುಮಟ್ಟಿಗೆ ಕಣ್ಮರೆಯಾದರು. ಅವರ ಹೆಂಗಸರು ಸೂಜಿಯೊಂದರಿಂದಲೇ ಹೆಣೆಯುತ್ತಿದ್ದ ಜಾಲರಿಯಾಗಲಿ, ಅವರ ಅಕ್ಕಸಾಲಿಗರ ಬೆಳ್ಳಿಯ ಕುಸುರಿಯಾಗಲಿ ಇಲ್ಲಿಯ ಪೇಟೆಯಲ್ಲಿ ಬೇರೂರಲಿಲ್ಲ. ಅವರಂತೆಯೇ ಹೊರನಾಡಿನಿಂದ ಬಂದು, ಅವರಂತೆಯೇ ಕಡಲ ವ್ಯಾಪಾರದಿಂದ ಏಳಿಗೆ ಹೊಂದಿದ ಪಾರ್ಸಿಗಳ ಕಸೂತಿಯಾದರೋ ಇಂದಿಗೂ ಉಳಿದುಬಂದಿದೆ. ಅದಕ್ಕೆ ಗಾರಾ ಎಂದು ಹೆಸರು.

ನಾನು ಗಾರಾವನ್ನು ನೋಡಬಯಸಿದುದು ಅದರ ಹಿಂಬದಿಗಾಗಿ. ಗವಂತಿ, ಮುರಗಿ ಎಂಬ ಹೊಲಿಗೆಗಳಿಂದ ಹಾಕಿದ ಧಾರವಾಡದ ಕಸೂತಿಯನ್ನು ತಿರುವಿ ಹಾಕಿದರೆ ಒಳಗು ಹೊರಗೆಂಬ ಭೇದವಿಲ್ಲದೆ ಅದೇ ಚಿತ್ರ ಕಾಣುವುದನ್ನು ಬಾಲ್ಯದಿಂದ ಬಲ್ಲವನಿಗೆ, ಎಳೆ ಎಣಿಸದೆ, ಬರೆದ ಚಿತ್ರದ ಮೇಲೆ ಬಣ್ಣ ತುಂಬಿದಂತೆ ನೂಲು ತುಂಬುವ ಈ ಕೆಲಸದಲ್ಲಿಯೂ ಉತ್ತಮವಾದ ಹಳೆಯ ಸೀರೆಗಳ ಎರಡು ಮುಖಗಳೂ ಒಂದೇ ಸಮನಾಗಿರುತ್ತವೆಂದು ಕೇಳಿದಾಗ, ಅದನ್ನು ಕಣ್ಣಾರೆ ಕಾಣದೆ ನಂಬುವುದು ಕಷ್ಟವಾಯಿತು.

ಮಂಚೇರ್ಜಿ ಎದಲ್‌ಜಿ ಜೋಶಿಯವರು 1920ರ ದಶಕದಲ್ಲಿ ರೂಪಿಸಿದ ದಾದರಿನ ಪಾರ್ಸಿ ಕಾಲನಿ ಮಾಟುಂಗದ ಕನ್ನಡಿಗರಿಗೆ ಹೊಸ ಜಾಗವಲ್ಲ. ಮೈಸೂರು ಅಸೋಸಿಯೇಷನ್ನಿನಲ್ಲಿ ಭಾಷಣ ಕೇಳಿ ಬೇಸತ್ತವರು ಫೈವ್ ಗಾರ್ಡನ್ಸ್‌ನ ಮರಗಳ ಕಡೆಗೆ ಕಾಲು ಹಾಕುವುದು ಲೋಕರೂಢಿ. ಅಲ್ಲಿಯ ಒಂದು ಮನೆಯಲ್ಲಿ, ಅರುವತ್ತು ವರ್ಷ ಸೂಜಿ ಹಿಡಿದು ಈಗ ದೃಷ್ಟಿ ಮಂದವಾದುದರಿಂದ ಕಾರೀಗರರಿಂದ ಕೆಲಸ ಮಾಡಿಸುತ್ತಿರುವ ವೃದ್ಧೆಯೊಬ್ಬರು, ಊಟದ ಮೇಜನ್ನು ಒರೆಸಿ ಒಣಗಿಸಿ, ಮಲ್‌ಮಲ್ ಬಟ್ಟೆಯ ಗಂಟನ್ನು ಬಿಚ್ಚಿ, ತಮ್ಮ ಅಜ್ಜಿಯ ಮದುವೆಯ ಗಾರಾವನ್ನು ಹರಡಿದರು. ಬದನೆಯ ಬಣ್ಣದ ದಪ್ಪ ಗಜ್ಜಿ ರೇಷ್ಮೆ. ಅದರ ಮೇಲೆ ಹಾಲಿನ ಬಿಳುಪಿನ ಕೊಕ್ಕರೆಗಳು, ಸೇವಂತಿಗೆ, ಬಿದಿರು, ಸೇತುವೆ, ಸೇತುವೆಯ ಮೇಲೆ ಕೊಡೆ ಹಿಡಿದ ಒಬ್ಬ ಚೀನೀಯ. ಕೊಕ್ಕರೆಯ ರೆಕ್ಕೆಯೊಂದರಲ್ಲಿಯೇ ಬಿಳಿಯ ಮೂರು ನಾಲ್ಕು ಛಾಯೆಗಳಿದ್ದುವು. ಆಕೆ ಸೆರಗನ್ನು ಮೆಲ್ಲನೆ ಮಗುಚಿದರು. ಗಂಟಿಲ್ಲ, ತುಂಡು ನೂಲಿಲ್ಲ. ಅದೇ ಕೊಕ್ಕರೆ ಈಗ ಎಡಕ್ಕೆ ಬದಲು ಬಲಕ್ಕೆ ಹಾರುತ್ತಿತ್ತು. ಮಡಿಕೆ ಬೀಳುತ್ತಿದ್ದ ಕಡೆ ಮಾತ್ರ ರೇಷ್ಮೆ ಸೀಳಿತ್ತು, ಕಸೂತಿಗೆ ಏನೂ ಆಗಿರಲಿಲ್ಲ.

“ಬಟ್ಟೆ ಸಾಯುತ್ತದೆ, ದೀಕ್ರಾ, ಕೆಲಸ ಸಾಯುವುದಿಲ್ಲ” ಎಂದರು. ವಯಸ್ಸಿನಲ್ಲಿ ಅರುವತ್ತನ್ನು ಸಮೀಪಿಸಿದ ನನ್ನನ್ನು ಮಗುವೆಂದು ಕರೆಯುವವರು ಈಗ ವಿರಳ.

ಆಕೆ ಹೇಳಿದ ಇತಿಹಾಸ ಸಂಕ್ಷಿಪ್ತವಾದುದು. ಹತ್ತಿಯನ್ನೂ ಅಫೀಮನ್ನೂ ಹೇರಿಕೊಂಡು ಕ್ಯಾಂಟನ್ನಿಗೆ ಹೋದ ಪಾರ್ಸಿ ವರ್ತಕರು ಚಹಾ, ರೇಷ್ಮೆ, ಪಿಂಗಾಣಿಗಳೊಡನೆ ಹಿಂದಿರುಗುವಾಗ ಮನೆಯವರಿಗಾಗಿ ಕಸೂತಿಯ ಬಟ್ಟೆಯನ್ನು ತಂದರು. 1783ರಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಚೀನಾಯಾತ್ರೆ ಕೈಗೊಂಡು, 1857ರಲ್ಲಿ ಬ್ಯಾರೊನೆಟ್ ಪದವಿಗೇರಿದ ಸರ್ ಜಮ್‌ಶೇಟ್‌ಜಿ ಜೀಜೀಭಾಯ್ ಅಂಥವರಲ್ಲಿ ಅಗ್ರಗಣ್ಯರು. ಮುಂದೆ ಚೀನೀ ವ್ಯಾಪಾರಿಗಳೇ ಗಂಟು ಹೊತ್ತು ಮುಂಬಯಿಯ ಮನೆಬಾಗಿಲಿಗೆ ಬರತೊಡಗಿದರು. ಸೂರತ್ತಿನಲ್ಲಿಯೂ ಮುಂಬಯಿಯಲ್ಲಿಯೂ ಪಾರ್ಸಿ ಸ್ತ್ರೀಯರು ನೋಡಿ ನೋಡಿ ಕಲಿತರು. ಅಫೀಮಿನ ಸಂಗತಿಯನ್ನು ಆಕೆ ಮುಚ್ಚಿಡಲಿಲ್ಲ, ಬೆಳೆಸಲೂ ಇಲ್ಲ. ಒಂದು ದೇಶವನ್ನು ಅಮಲಿನಲ್ಲಿ ಕೆಡವಿದ ಹಡಗುಗಳೇ ಆ ದೇಶದ ಅತ್ಯಂತ ಸೂಕ್ಷ್ಮವಾದ ಕೈಗೆಲಸವನ್ನು ಹೊತ್ತು ತಂದುವೆಂಬುದನ್ನು ನೆನೆದರೆ ಆ ಕೊಕ್ಕರೆಗಳನ್ನು ಕೇವಲ ಚೆಲುವೆಂದು ನೋಡಿ ಸುಮ್ಮನಿರುವುದು ನನ್ನಿಂದಾಗದು.

ಬಂದ ಚಿತ್ರಗಳಿಗೆ ಈ ಮನೆಗಳ ಹೆಂಗಸರು ತಮ್ಮ ಅಡಿಗೆಮನೆ ಹಿತ್ತಿಲುಗಳಿಂದಲೇ ಹೆಸರಿಟ್ಟರು. ದೊಡ್ಡ ಚಿಕ್ಕ ಬೊಟ್ಟುಗಳ ಸಾಲು ‘ಕಾಂದಾ-ಪಪೇಟಾ’, ಈರುಳ್ಳಿ ಬಟಾಟೆ. ಎಸಳುಗಳು ಕಾಲಿನಂತೆ ಚಾಚಿದ ಒಂದು ಹೂವು ‘ಕರೋಲಿಯಾ’, ಜೇಡ. ಮಂಟಪದಲ್ಲಿ ಕುಳಿತ ಗಂಡು ಹೆಣ್ಣುಗಳು ‘ಚೀನಾ-ಚೀನಿ’.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದುದು ‘ಖಾಖೋ’ ಎಂಬ ಗಂಟುಹೊಲಿಗೆ. ಸೂಜಿ ಕೆಳಗಿನಿಂದ ಮೇಲಕ್ಕೆ ಬರಬೇಕು; ನೂಲನ್ನು ಅದರ ಮೊನೆಗೆ ಒಂದೇ ಸುತ್ತು ಸುತ್ತಬೇಕು; ಎದ್ದುಬಂದ ರಂಧ್ರದ ಪಕ್ಕದಲ್ಲಿಯೇ, ಆದರೆ ಅದರೊಳಗೆ ಬೀಳದಂತೆ, ಮೊನೆಯನ್ನು ಮತ್ತೆ ಇಳಿಸಬೇಕು; ಇಳಿಸುವಾಗ ಎಡಗೈಯ ಉಗುರಿನಿಂದ ಸುತ್ತನ್ನು ಒತ್ತಿ ಹಿಡಿದಿರದಿದ್ದರೆ ಅದು ಸಡಿಲವಾಗಿ ನಿಲ್ಲುತ್ತದೆ, ಹೆಚ್ಚು ಜಗ್ಗಿದರೆ ಮಾಯವಾಗುತ್ತದೆ. ಎರಡೂ ಆಗದಿದ್ದಲ್ಲಿ ಎಳ್ಳಿಗಿಂತ ಚಿಕ್ಕದಾದ, ನಡುವೆ ಕುಳಿಯುಳ್ಳ ಒಂದು ಉಂಗುರ ಉಳಿಯುತ್ತದೆ. ಇಂಥ ಉಂಗುರಗಳನ್ನು ಒಂದಕ್ಕೊಂದು ತಾಗಿಸಿ ಒಂದು ಹೂವಿನ ಎಸಳನ್ನು ತುಂಬಿಸಬೇಕು. ಈ ಹೊಲಿಗೆಯಿಂದ ಕಣ್ಣು ಹೋಗುವುದೆಂದು ಚೀನಾದಲ್ಲಿ ಇದನ್ನು ನಿಷೇಧಿಸಿದ್ದರೆಂಬ ಕತೆಯೊಂದು ಪ್ರಚಾರದಲ್ಲಿದೆ. ಕತೆ ಸುಳ್ಳಿರಬಹುದು, ಆದರೆ ಆಕೆ ದಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಎರಡು ಗಂಟು ಹಾಕಿ ತೋರಿಸಿ ಮೂರನೆಯದಕ್ಕೆ ನಿಲ್ಲಿಸಿದುದನ್ನು ನಾನೇ ನೋಡಿದೆ.

ಉಳಿದ ವಿಧಾನವನ್ನು ಹೇಳಲು ಹೆಚ್ಚು ಹೊತ್ತು ಬೇಡ. ಕಾಗದದ ಮೇಲೆ ಬರೆದ ಚಿತ್ರಕ್ಕೆ ಸೂಜಿಯಿಂದ ರಂಧ್ರ ಹೊಡೆದು, ಪುಡಿಯುಜ್ಜಿ ಬಟ್ಟೆಗಿಳಿಸಿ, ಅಡ್ಡಾ ಎಂಬ ಮರದ ಚೌಕಟ್ಟಿಗೆ ಬಿಗಿದು ತುಂಬುತ್ತಾರೆ. ಪೂರ್ಣ ಸೀರೆಯೊಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ಹಣ ತೆರುವವರು ಕಡಮೆಯಾದುದರಿಂದ ಈಗ ಶಾಲು, ಸ್ಕಾರ್ಫು, ಕೈಚೀಲಗಳದೇ ಬೇಡಿಕೆ. ಹರಿದ ಹಳೆಯ ಸೀರೆಗಳ ‘ಕೋರ್’ ಎಂಬ ಅಂಚನ್ನು ಬಿಚ್ಚಿ ಹೊಸ ಬಟ್ಟೆಗೆ ಹೊಲಿಯುವುದೂ ಉಂಟು. ಇದನ್ನು ಕೆಲವರು ಹಾಳುಗೆಡವುವುದೆನ್ನುತ್ತಾರೆ, ಟ್ರಂಕಿನಲ್ಲಿ ಪುಡಿಯಾಗುವುದಕ್ಕಿಂತ ಲೇಸೆಂದು ನನ್ನ ಮತ. ಯಂತ್ರದ ಗಾರಾ ಬೇಕಾದಷ್ಟು ದೊರೆಯುತ್ತದೆ. ಅದನ್ನು ಮಗುಚಿದರೆ ಹೂವು ಯಾವ ಬಣ್ಣದ್ದಾದರೂ ಹಿಂದೆ ಸಾಮಾನ್ಯವಾಗಿ ಒಂದೇ ಬಿಳಿಯ ನೂಲು.

ಬಡ ಹೆಂಗಸರಿಗೆ ಹೊಲಿಗೆ, ಕಸೂತಿ, ಅಡಿಗೆಗಳಿಂದ ಜೀವನೋಪಾಯ ಕಲ್ಪಿಸಲು 1928ರಲ್ಲಿ ಆರಂಭವಾದ ಸರ್ ರತನ್ ಟಾಟಾ ಇನ್‌ಸ್ಟಿಟ್ಯೂಟ್ ಈ ನಗರದಲ್ಲಿಯೇ ಇದೆ; 1999ರಲ್ಲಿ ಯುನೆಸ್ಕೋ ನೆರವಿನಿಂದ ಮೊದಲಾದ ಪಾರ್ಜೋರ್ ಸಂಸ್ಥೆ ಗಾರಾವನ್ನು ಮತ್ತೆ ಕಲಿಸಲು ಶ್ರಮಿಸಿದೆ. ಆದರೆ 2001ರ ಜನಗಣತಿಯಲ್ಲಿ 69,601 ಇದ್ದ ಭಾರತದ ಪಾರ್ಸಿಗಳು 2011ರಲ್ಲಿ 57,264ಕ್ಕೆ ಇಳಿದರು. ಆಕೆಯ ಬಳಿ ಕಲಿಯಲು ಬಂದಿದ್ದ ಕಾಲನಿಯ ಹುಡುಗಿಯರಲ್ಲಿ ಒಬ್ಬಳು ಟೊರಾಂಟೊದಲ್ಲಿದ್ದಾಳೆ, ಇನ್ನೊಬ್ಬಳಿಗೆ ಬ್ಯಾಂಕಿನ ಕೆಲಸ. ಈಗ ಆಕೆಯ ಕೊಕ್ಕರೆಗಳನ್ನು ತುಂಬುವವರು ಗೋವಂಡಿಯ ಮಾಳಿಗೆಯೊಂದರಲ್ಲಿ ಅಡ್ಡಾದ ಸುತ್ತ ಚಕ್ಕಳಮಕ್ಕಳ ಹಾಕಿ ಕೂರುವ ಬಂಗಾಳದ ತರುಣರು. ಕ್ಯಾಂಟನ್ನಿನಲ್ಲಿ ಆ ಮದುವೆಯ ಸೀರೆಯನ್ನು ಹೊಲಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಇವರ ಹೆಸರನ್ನಾದರೂ ಸ್ಕಾರ್ಫಿನ ಚೀಟಿಯ ಮೇಲೆ ಬರೆಯಬಾರದೇಕೆಂದು ಹೊರಡುವಾಗ ಕೇಳಿದೆ. ಆಕೆ ಗಾರಾವನ್ನು ಹಳೆಯ ಮಡಿಕೆ ತಪ್ಪಿಸಿ ಬೇರೆ ಕಡೆಯಿಂದ ಮಡಿಸುತ್ತ ನಕ್ಕರು.

“ಬರೆಯಬೇಕು, ನಿಜ. ಆದರೆ ಇಂದು ಬರೆದರೆ ನಾಳೆಯೇ ದೊಡ್ಡ ಅಂಗಡಿಯವರು ಅವನನ್ನು ಕರೆದುಕೊಂಡು ಹೋಗುತ್ತಾರೆ. ಆಮೇಲೆ ನನಗೆ ಖಾಖೋ ಹಾಕಿಕೊಡುವವರು ಯಾರು, ನೀನೇ?”